ಬಿಸಿಲನ್ನು ಕರೆಯುವ ಮನೆ, ಬಿಸಿಲನ್ನು ತಡೆಯುವ ಮನೆ



ಚಳಿನಾಡಿನಲ್ಲಿ ಬಿಸಿಲಿನಿಂದಲೇ ಬೆಚ್ಚಗಿರುವ ಮನೆಯನ್ನು ಹೇಗೆ ಕಟ್ಟುತ್ತಾರೆ ಎಂಬುದು ಇಂದಿನ ನನ್ನ ವಿಷಯ. ಇಂಥ ಮನೆಯನ್ನು ಎಂಜಿನಿಯರುಗಳು ಪ್ಯಾಸಿವ್ ಸೋಲಾರ್ ಎನ್ನುತ್ತಾರೆ. ಅದರಲ್ಲಿ ಪಂಪಿಲ್ಲ, ಫಲಕವಿಲ್ಲ, ತಿರುಗುವ ಯಂತ್ರವೊಂದೂ ಇಲ್ಲ. ಗೋಡೆ, ಕಿಟಕಿ, ನೆಲ, ಚಾವಣಿಗಳೇ ಶಾಖವನ್ನು ಹಿಡಿದು, ಇಟ್ಟುಕೊಂಡು, ಬೇಕಾದ ಹೊತ್ತಿಗೆ ಬಿಟ್ಟುಕೊಡುತ್ತವೆ.

ಡಿಸೆಂಬರಿನ ನಡುರಾತ್ರಿಯಲ್ಲೂ ಒಂದು ಕಂಬಳಿ ಹೊದ್ದರೆ ಸಾಕಾಗುವ ಮಂಡ್ಯದಲ್ಲಿ ನಿಂತು ಚಳಿಯ ಮಾತು ಏಕೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ನಮ್ಮ ಮೂರೂ ತಾಲ್ಲೂಕುಗಳ ಮಕ್ಕಳು ಇಂದು ಟೊರಾಂಟೊ, ಷಿಕಾಗೊ, ಮ್ಯೂನಿಕ್‌ಗಳಲ್ಲಿ ಮನೆ ಕೊಳ್ಳುತ್ತಿದ್ದಾರೆ. ಸೇನೆಗೆ ಸೇರಿದವರು ಲಡಾಖಿನ ಚಳಿಯಲ್ಲಿ ರಾತ್ರಿ ಕಳೆಯುತ್ತಿದ್ದಾರೆ. ಅವರಿಗೆ ಈ ತಿಳಿವಳಿಕೆ ನೇರವಾಗಿ ಬೇಕು. ಎರಡನೆಯ ಕಾರಣ ನನಗೆ ಇನ್ನೂ ಮುಖ್ಯವಾದದ್ದು. ಬಿಸಿಲು ಮನೆಗೆ ಏನು ಮಾಡುತ್ತದೆ ಎಂಬುದು ಚಳಿನಾಡಿನಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿ ಲೆಕ್ಕ ತಪ್ಪಿದರೆ ಕೊಡದ ನೀರು ಹೆಪ್ಪುಗಟ್ಟುತ್ತದೆ. ಅಲ್ಲಿ ಕಲಿತ ಲೆಕ್ಕವನ್ನೇ ತಿರುಗಿಸಿ ಹಾಕಿದರೆ ಏಪ್ರಿಲ್ ತಿಂಗಳ ಮಂಡ್ಯದಲ್ಲಿ ತಂಪಾದ ಮನೆ ಸಿಗುತ್ತದೆ.

ನನ್ನ ಮಾತು ನಾಲ್ಕು ಹಂತಗಳಲ್ಲಿ ಸಾಗುತ್ತದೆ. ಮೊದಲು ಸೂರ್ಯನ ದಾರಿ, ಆಮೇಲೆ ಗೋಡೆಯ ತೂಕ, ಮೂರನೆಯದಾಗಿ ಇವೆರಡನ್ನೂ ಸೇರಿಸಿ ಚಳಿನಾಡಿನವರು ಕಟ್ಟುವ ಮನೆ, ಕೊನೆಗೆ ನಮ್ಮೂರಿನ ನಿವೇಶನ. ಮೊದಲ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಅದು ತಿಳಿದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ಮಂಡ್ಯ ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮದ್ದೂರು ಕೂದಲೆಳೆಯಷ್ಟು ಮೇಲೆ, ಮಳವಳ್ಳಿ ಅಷ್ಟೇ ಕೆಳಗೆ. ಮೂರೂ ಊರುಗಳಿಗೆ ಒಂದೇ ಲೆಕ್ಕ ಸಾಕು. ವರ್ಷಕ್ಕೆ ಎರಡು ಸಲ, ಏಪ್ರಿಲ್ 23ರ ಆಸುಪಾಸಿನಲ್ಲಿ ಮತ್ತು ಆಗಸ್ಟ್ 20ರ ಆಸುಪಾಸಿನಲ್ಲಿ, ಇಲ್ಲಿ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆಗ ನೆಟ್ಟ ಕೋಲಿಗೆ ಮಧ್ಯಾಹ್ನ ನೆರಳೇ ಇರುವುದಿಲ್ಲ. ಈ ಎರಡು ದಿನಗಳ ನಡುವಿನ ನಾಲ್ಕು ತಿಂಗಳು ನಮ್ಮ ನಡುಹಗಲಿನ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣದಲ್ಲಿರುತ್ತಾನೆ ಎಂದು ಹೊರನಾಡಿನ ಪುಸ್ತಕಗಳಲ್ಲಿ ಓದಿ ನಂಬಿದವರು ಜೂನ್ ತಿಂಗಳಲ್ಲಿ ತಮ್ಮ ಉತ್ತರದ ಕಿಟಕಿಯ ಕಟ್ಟೆಯ ಮೇಲೆ ಬಿದ್ದ ಬಿಸಿಲನ್ನು ನೋಡಬೇಕು.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ತಾರಸಿಯ ಮೇಲೆ ಸಮತಟ್ಟಾದ ಜಾಗದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೇರವಾಗಿ ನಿಲ್ಲಿಸಿ. ಭಾರತೀಯ ಗಡಿಯಾರದ ಸಮಯ ನಮ್ಮ ರೇಖಾಂಶಕ್ಕಿಂತ ಪೂರ್ವದ ಜಾಗಕ್ಕೆ ಹೊಂದಿಸಿರುವುದರಿಂದ ಜೂನ್ ಮತ್ತು ಡಿಸೆಂಬರಿನಲ್ಲಿ ಮಂಡ್ಯದ ನಿಜವಾದ ನಡುಹಗಲು 12 ಗಂಟೆ 20 ನಿಮಿಷದ ಹತ್ತಿರ ಬರುತ್ತದೆ. ಆ ಹೊತ್ತಿಗೆ ನೆರಳು ಅಳೆಯಿರಿ. ಡಿಸೆಂಬರ್ 21ರಂದು ಅದು ಉತ್ತರದ ಕಡೆಗೆ ಸುಮಾರು 72 ಸೆಂಟಿಮೀಟರ್ ಇರುತ್ತದೆ. ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿ ಎತ್ತರದಲ್ಲಿದ್ದಾನೆ ಎಂದರ್ಥ. ಮಾರ್ಚ್ 21ರ ಹೊತ್ತಿಗೆ 22 ಸೆಂಟಿಮೀಟರ್. ಜೂನ್ 21ರಂದು ನೆರಳು ಪಕ್ಕ ಬದಲಿಸಿ ದಕ್ಷಿಣಕ್ಕೆ 19 ಸೆಂಟಿಮೀಟರ್ ಬೀಳುತ್ತದೆ. ಸೂರ್ಯ ಉತ್ತರಕ್ಕೆ ತಿರುಗುವ ದಿನ ಸಂಕ್ರಾಂತಿಯಲ್ಲವೇ, ದನಗಳಿಗೆ ಕಿಚ್ಚು ಹಾಯಿಸುವ ದಿನವೇ ಅಳೆಯೋಣ ಎಂದು ಕೆಲವರು ಹೇಳಬಹುದು. ಆಕಾಶದ ತಿರುವು ಈಗ ಹಬ್ಬಕ್ಕಿಂತ ಮೂರು ವಾರ ಮೊದಲೇ ಆಗಿಹೋಗಿರುತ್ತದೆ. ಜನವರಿ 14ಕ್ಕೆ ನೆರಳು ಆಗಲೇ ಐದು ಸೆಂಟಿಮೀಟರಿನಷ್ಟು ಕುಗ್ಗಿರುತ್ತದೆ.

ಇದೇ ಕೋಲನ್ನು ಲೇಹ್‌ಗೆ ಒಯ್ಯೋಣ. ಲೇಹ್ ಸುಮಾರು 34 ಡಿಗ್ರಿ ಅಕ್ಷಾಂಶದಲ್ಲಿ, 3,500 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್ 21ರಂದು ಅಲ್ಲಿ ನಡುಹಗಲಿನ ಸೂರ್ಯ 32 ಡಿಗ್ರಿಗಿಂತ ಸ್ವಲ್ಪವೇ ಮೇಲೆ ಏರುತ್ತಾನೆ. ಒಂದು ಮೀಟರ್ ಕೋಲಿಗೆ ಒಂದೂವರೆ ಮೀಟರಿಗೂ ಹೆಚ್ಚು ನೆರಳು. ಜೂನ್ 21ರಂದು ಅಲ್ಲಿ ಅವನ ಎತ್ತರ ದಕ್ಷಿಣದ ಕಡೆಯಿಂದ 79 ಡಿಗ್ರಿ. ಅದೇ ದಿನ ಮಂಡ್ಯದಲ್ಲಿ ಅವನ ಎತ್ತರ ಉತ್ತರದ ಕಡೆಯಿಂದ 79 ಡಿಗ್ರಿ! ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ನಾವು ಎಷ್ಟು ದಕ್ಷಿಣಕ್ಕಿದ್ದೇವೆಯೋ ಲೇಹ್ ಹೆಚ್ಚುಕಡಿಮೆ ಅಷ್ಟೇ ಉತ್ತರಕ್ಕಿದೆ. ಜೂನ್ ಮಧ್ಯಾಹ್ನ ಎರಡೂ ಊರುಗಳಿಗೆ ಸೂರ್ಯ ಸಮಾನ ದೂರದಲ್ಲಿ ನಿಂತಿರುತ್ತಾನೆ. ಡಿಸೆಂಬರ್ ಬಂದಾಗ ಮಾತ್ರ ದಾರಿಗಳು ಬೇರೆಯಾಗುತ್ತವೆ: ಲೇಹ್‌ನಲ್ಲಿ ತಗ್ಗಿದ ಸೂರ್ಯ ದಕ್ಷಿಣದ ಗೋಡೆಗೆ ಎದುರಾಗಿ ನಿಂತರೆ, ಮಂಡ್ಯದಲ್ಲಿ ಚಳಿಗಾಲದಲ್ಲೂ ಅವನ ಬಿಸಿ ಹೆಚ್ಚಾಗಿ ಚಾವಣಿಯ ಮೇಲೆಯೇ ಬೀಳುತ್ತದೆ.

ಈ ಕೋನಗಳಿಂದ ಏನು ಪ್ರಯೋಜನ ಎಂಬುದನ್ನು ಕಿಟಕಿಯ ಸಜ್ಜಾದಲ್ಲಿ ನೋಡೋಣ. ಲೇಹ್‌ನ ದಕ್ಷಿಣದ ಕಿಟಕಿಗೆ ಎರಡಡಿ ಸಜ್ಜಾ ಚಾಚಿದ್ದೇವೆ ಎಂದುಕೊಳ್ಳಿ. ಜೂನ್ ಮಧ್ಯಾಹ್ನ ಅದರ ನೆರಳು ಗೋಡೆಯ ಮೇಲೆ ಹತ್ತಡಿಗೂ ಹೆಚ್ಚು ಕೆಳಗೆ ಇಳಿಯುತ್ತದೆ, ಕಿಟಕಿ ಪೂರ್ತಿ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಅದೇ ಸಜ್ಜಾದ ನೆರಳು ಒಂದೂಕಾಲು ಅಡಿಗೆ ನಿಲ್ಲುತ್ತದೆ. ಕಿಟಕಿಯ ತಲೆಗಿಂತ ಒಂದಡಿ ಮೇಲೆ ಸಜ್ಜಾ ಹಾಕಿದ್ದರೆ ಗಾಜಿನ ಬಹುಪಾಲು ಬಿಸಿಲಿಗೆ ತೆರೆದಿರುತ್ತದೆ. ಯಾರೂ ಪರದೆ ಎಳೆಯದೆ, ಗುಂಡಿ ಒತ್ತದೆ, ಬೇಸಿಗೆಯಲ್ಲಿ ಮುಚ್ಚಿಕೊಂಡು ಚಳಿಗಾಲದಲ್ಲಿ ತೆರೆದುಕೊಳ್ಳುವ ಕಿಟಕಿ ಅದು. ಮನೆಯ ಉದ್ದವನ್ನು ಪೂರ್ವ–ಪಶ್ಚಿಮವಾಗಿ ಇಟ್ಟು, ದಕ್ಷಿಣಕ್ಕೆ ಹೆಚ್ಚು ಗಾಜು ಕೊಡಿ ಎಂಬ ಚಳಿನಾಡಿನ ಮೊದಲ ಪಾಠ ಹುಟ್ಟಿದ್ದು ಇಲ್ಲಿಂದ. ಪಾಠ ಬಹಳ ಹಳೆಯದು. ಗ್ರೀಸಿನ ಸಾಕ್ರಟೀಸ್ ಈ ಮಾತನ್ನೇ ಹೇಳಿದ್ದನೆಂದು ಅವನ ಶಿಷ್ಯ ಝೆನೊಫನ್ ಬರೆದಿಟ್ಟಿದ್ದಾನೆ.

ಗಾಜಿನ ಕೆಲಸ ನಿಮಗೆಲ್ಲ ಗೊತ್ತಿರುವುದೇ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುವ ಝಳವೇ ಅದರ ಸಾಕ್ಷಿ. ಬೆಳಕಿನ ರೂಪದಲ್ಲಿ ಬಂದ ಬಿಸಿಲನ್ನು ಗಾಜು ಒಳಗೆ ಬಿಡುತ್ತದೆ. ಬಿಸಿಲು ಬಿದ್ದ ವಸ್ತು ಬಿಸಿಯಾಗಿ ಹೊಮ್ಮಿಸುವ ಅವಗೆಂಪು ಕಿರಣವನ್ನು ಹೊರಗೆ ಬಿಡುವುದಿಲ್ಲ. ಆದರೆ ಇದೇ ಗಾಜು ರಾತ್ರಿ ಶತ್ರುವಾಗುತ್ತದೆ. ಒಂಟಿ ಗಾಜಿನ ಮೂಲಕ ಸೋರುವ ಶಾಖ ಒಂಬತ್ತಿಂಚಿನ ಇಟ್ಟಿಗೆ ಗೋಡೆಯ ಮೂಲಕ ಸೋರುವುದರ ಎರಡು ಪಟ್ಟಿಗಿಂತ ಹೆಚ್ಚು. ಹಾಗಾಗಿ ಚಳಿನಾಡಿನಲ್ಲಿ ಎರಡು ಅಥವಾ ಮೂರು ಪದರದ ಗಾಜು ಹಾಕುತ್ತಾರೆ, ಸೂರ್ಯ ಮುಳುಗುತ್ತಿದ್ದಂತೆ ದಪ್ಪ ಪರದೆ ಎಳೆಯುತ್ತಾರೆ.

ಇನ್ನು ಎರಡನೆಯ ಹಂತಕ್ಕೆ, ಗೋಡೆಯ ತೂಕಕ್ಕೆ ಬರುತ್ತೇನೆ.

ಹಗಲು ಒಳಗೆ ಬಂದ ಶಾಖವನ್ನು ಎಲ್ಲಿ ಇಡುವುದು? ಗಾಳಿ ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಅದನ್ನು ನೆಚ್ಚಿಕೊಂಡ ಮನೆ ಮಧ್ಯಾಹ್ನ ಒಲೆ, ನಡುರಾತ್ರಿ ಹಿಮ. ಶಾಖ ಇಡಲು ತೂಕ ಬೇಕು: ಮಣ್ಣು, ಕಲ್ಲು, ಇಟ್ಟಿಗೆ, ನೀರು. ಸಣ್ಣ ಲೆಕ್ಕ ಮಾಡೋಣ. ಹತ್ತು ಚದರ ಮೀಟರ್ ವಿಸ್ತಾರದ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ತೂಕ ಏಳೂವರೆ ಟನ್ನಿನಷ್ಟು. ಅದು ಐದು ಡಿಗ್ರಿ ಬೆಚ್ಚಗಾದರೆ ಅದರೊಳಗೆ ಸೇರುವ ಶಾಖ ಒಂಬತ್ತು ಹತ್ತು ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಸಾವಿರ ವ್ಯಾಟಿನ ಹೀಟರನ್ನು ಸಂಜೆಯಿಂದ ಬೆಳಗಿನ ಜಾವದವರೆಗೆ ಉರಿಸಿದಷ್ಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಕಳಿಸಿದ ಹೆಮ್ಮೆ ಮಳವಳ್ಳಿ ತಾಲ್ಲೂಕಿನದು. ಯೂನಿಟ್ಟಿನ ಬೆಲೆ ಗೊತ್ತಿರುವ ಆ ನೆಲದವರಿಗೆ ಈ ಗೋಡೆಯ ಬೆಲೆಯನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಮಣ್ಣಿನ ಗೋಡೆ ಬಿಸಿಯದೂ ಅಲ್ಲ, ತಂಪಿನದೂ ಅಲ್ಲ. ಅದು ಮಾಡುವುದು ವಿಳಂಬ. ಒಂದು ಕಡೆ ಬಿದ್ದ ಬಿಸಿ ಇನ್ನೊಂದು ಕಡೆ ತಲುಪಲು ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಅದರ ತೀವ್ರತೆಯೂ ಇಳಿದಿರುತ್ತದೆ. ಮಂಡ್ಯದಲ್ಲಿ ಮಧ್ಯಾಹ್ನದ ಝಳ ಒಳಗೆ ಬರುವ ಮುನ್ನ ಹೊರಗೆ ರಾತ್ರಿಯಾಗುತ್ತದೆ. ಲಡಾಖಿನಲ್ಲಿ ಮಧ್ಯಾಹ್ನ ಕುಡಿದ ಬಿಸಿಲನ್ನು ಗೋಡೆ ಮಲಗುವ ಹೊತ್ತಿಗೆ ಕೋಣೆಗೆ ಕೊಡುತ್ತದೆ. ಅದೇ ಮಣ್ಣು, ಅದೇ ಗುಣ. ಗೋಡೆಯನ್ನು ಬಿಸಿಲಿಗೆ ಒಡ್ಡಿದ್ದೇವೆಯೋ ನೆರಳಿನಲ್ಲಿ ಇಟ್ಟಿದ್ದೇವೆಯೋ ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ನಮ್ಮ ಬಯಲುಸೀಮೆಯ ತೊಟ್ಟಿಮನೆಯನ್ನು ಈ ಕಣ್ಣಿನಿಂದ ನೋಡಿ. ಒಂದೂವರೆ ಎರಡಡಿ ದಪ್ಪದ ಮಣ್ಣಿನ ಗೋಡೆ, ಅದಕ್ಕೆ ಸುಣ್ಣ. ಹೊರಗೋಡೆಯ ಮುಂದೆ ಜಗಲಿ, ಜಗಲಿಯ ಮೇಲೆ ಬಾಗಿದ ಸೂರು. ಹೀಗಾಗಿ ಗೋಡೆಗೆ ನೇರ ಬಿಸಿಲು ತಾಕುವುದು ಕಡಿಮೆ. ಮೇಲೆ ನಾಡಹೆಂಚು, ಮುಂದೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅದು ಘಟ್ಟ ಹತ್ತಿ ನಮ್ಮ ಊರುಗಳಿಗೂ ಬಂತು. ಹೆಂಚು ಕಾಯುತ್ತದೆ ನಿಜ. ಆದರೆ ಅದರ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತದೆ, ಕೆಳಗಿನ ಅಟ್ಟ ಉಳಿದ ಬಿಸಿಯನ್ನು ತಡೆಯುತ್ತದೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಜೂನ್ ಮಧ್ಯಾಹ್ನ ಬಿಸಿಲು ಹೆಚ್ಚುಕಡಿಮೆ ನೇರವಾಗಿ ತೊಟ್ಟಿಯ ಕಲ್ಲಿನ ಮೇಲೆ ಬಿದ್ದು ಅಲ್ಲೇ ಉಳಿಯುತ್ತದೆ, ಸುತ್ತಲಿನ ಪಡಸಾಲೆಗಳಿಗೆ ಬರುವುದಿಲ್ಲ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣದಿಂದ ಓರೆಯಾಗಿ ಬಂದಾಗ ಅದೇ ತೊಟ್ಟಿಯ ಮೂಲಕ ಬಿಸಿಲು ಉತ್ತರದ ಪಡಸಾಲೆಯ ಕಡೆಗೆ ಸರಿಯುತ್ತದೆ. ಮನೆಯ ಹಿರಿಯರು ಬಿಸಿಲು ಕಾಯಲು ಕೂರುವ ಜಾಗ ಅದು. ಲೇಹ್‌ನ ಸಜ್ಜಾ ಮಾಡುವ ಕೆಲಸವನ್ನು ಇಲ್ಲಿ ತೊಟ್ಟಿಯ ಸೂರು ಮಾಡುತ್ತದೆ. ಅಂಕಣದ ಲೆಕ್ಕದಲ್ಲಿ ಮನೆ ಕಟ್ಟಿದ ನಮ್ಮ ಬಡಗಿಗಳು, ಮಣ್ಣು ತುಳಿದು ಗೋಡೆ ಎಬ್ಬಿಸಿದ ಕೈಗಳು ಈ ಕೋನಗಳನ್ನು ಕಾಗದದ ಮೇಲೆ ಬರೆಯಲಿಲ್ಲ; ಕಟ್ಟಿಯೇ ಬರೆದರು.

ಈ ತಿಳಿವಳಿಕೆಗೆ ವಿಜ್ಞಾನದ ಮನ್ನಣೆ ಕೊಟ್ಟವರು ನಮ್ಮ ನಾಡಿನವರೇ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ, ಹಳ್ಳಿಗಳಿಗೆ ತಕ್ಕ ತಂತ್ರಜ್ಞಾನವನ್ನು ರೂಪಿಸುವ ಅಸ್ತ್ರ ಎಂಬ ಕೇಂದ್ರ ಆರಂಭವಾಯಿತು. ನಮ್ಮ ಜಿಲ್ಲೆಗೆ ಅಂಟಿಕೊಂಡಿರುವ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ವಿಸ್ತರಣಾ ಕೇಂದ್ರವಿತ್ತು. ಅಸ್ತ್ರ ಒಲೆಯ ಹೆಸರು ಇಲ್ಲಿನ ಎಷ್ಟೋ ತಾಯಂದಿರಿಗೆ ಗೊತ್ತು. ಅದೇ ಬಳಗದ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಸಹೋದ್ಯೋಗಿಗಳು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಒತ್ತುಯಂತ್ರದಲ್ಲಿ ಒತ್ತಿ ಮಾಡುವ ಮಣ್ಣಿನ ಇಟ್ಟಿಗೆಯನ್ನು ಬಹು ಕಾಲ ಅಧ್ಯಯನ ಮಾಡಿ ಬಳಕೆಗೆ ತಂದರು. ಸುಡುವ ಸೌದೆ ಬೇಡ, ಮಳೆಗೆ ಕರಗುವ ಭಯವಿಲ್ಲ, ಮಣ್ಣಿನ ತೂಕದ ಗುಣ ಉಳಿಯುತ್ತದೆ. ಮಣ್ಣಿನ ಮನೆ ಎಂದರೆ ಬಡತನ ಎಂಬ ಭಾವನೆಯನ್ನು ನಮ್ಮ ತಲೆಯಿಂದ ತೆಗೆಯಲು ಅವರು ಪಟ್ಟ ಶ್ರಮಕ್ಕೆ ನಾವು ಇನ್ನೂ ಸರಿಯಾಗಿ ಕೃತಜ್ಞತೆ ಸಲ್ಲಿಸಿಲ್ಲ ಎಂಬುದು ನನ್ನ ಅಭಿಪ್ರಾಯ.

ಈಗ ಮೂರನೆಯ ಹಂತ. ದಿಕ್ಕು ಮತ್ತು ತೂಕ ಎರಡನ್ನೂ ಸೇರಿಸಿ ಚಳಿನಾಡಿನ ಮನೆಯನ್ನು ಕಟ್ಟೋಣ.

ನಮಗೆ ತೀರ ಹತ್ತಿರದ ಚಳಿ ನೀಲಗಿರಿಯದು. ಮೈಸೂರು ದಾಟಿ, ಗುಂಡ್ಲುಪೇಟೆ ಕಳೆದು, ಘಟ್ಟ ಹತ್ತಿದರೆ 2,200 ಮೀಟರ್ ಎತ್ತರದ ಊಟಿಯಲ್ಲಿ ಡಿಸೆಂಬರ್–ಜನವರಿ ಬೆಳಗಿನಲ್ಲಿ ಹುಲ್ಲಿನ ಮೇಲೆ ಹಿಮ ಕಟ್ಟಿರುತ್ತದೆ. ಕನ್ನಡಕ್ಕೆ ಬಹಳ ಹತ್ತಿರದ ಭಾಷೆಯಾಡುವ ಬಡಗರು ಅಲ್ಲಿನ ಹಟ್ಟಿಗಳಲ್ಲಿ ಮನೆಗಳನ್ನು ಒಂದಕ್ಕೊಂದು ಅಂಟಿಸಿ ಸಾಲಾಗಿ ಕಟ್ಟಿದರು. ಪಕ್ಕದ ಗೋಡೆ ಹಂಚಿಕೊಂಡರೆ ಚಳಿಗೆ ಒಡ್ಡಿದ ಗೋಡೆ ಕಡಿಮೆಯಾಗುತ್ತದೆ. ತೊದವರ ಹಳೆಯ ಗುಡಿಸಲು ಕಮಾನಿನಂತೆ ಬಾಗಿದ ದಪ್ಪ ಹುಲ್ಲಿನ ಹೊದಿಕೆಯದು, ಬಗ್ಗಿ ನುಸುಳಬೇಕಾದ ಪುಟ್ಟ ಬಾಗಿಲಿನದು. ಅದು ಬಿಸಿಲನ್ನು ಹಿಡಿಯುವ ಮನೆಯಲ್ಲ. ಒಳಗಿನ ಬಿಸಿಯನ್ನು ಹೊರಗೆ ಬಿಡದ ಮನೆ. ಮೂರನೆಯ ಪಾಠ ಅಲ್ಲಿದೆ. ಹಿಡಿದ ಶಾಖಕ್ಕೆ ಹೊದಿಕೆ ಬೇಕು. ಆ ಹೊದಿಕೆ ತೂಕದ ಹೊರಗಡೆ ಇರಬೇಕು, ತೂಕ ಒಳಗಡೆ ಇರಬೇಕು. ಇದನ್ನು ಹಿಂದುಮುಂದು ಮಾಡಿದರೆ ಗೋಡೆ ತನ್ನ ಶಾಖವನ್ನೆಲ್ಲ ಬೀದಿಗೆ ಕೊಡುತ್ತದೆ. ವಿದ್ಯಾರ್ಥಿಗಳು ಇಂದಿನ ಉಪನ್ಯಾಸದಲ್ಲಿ ಒಂದೇ ಒಂದು ಮಾತನ್ನು ಬರೆದುಕೊಳ್ಳುವುದಾದರೆ ಇದನ್ನು ಬರೆದುಕೊಳ್ಳಿ.

ಮೂರನ್ನೂ ಒಟ್ಟಿಗೆ ಮಾಡಿ ತೋರಿಸಿದ ಭಾರತದ ಮಾದರಿ ಲೇಹ್ ಹತ್ತಿರ, ಸಿಂಧೂ ನದಿಯ ದಡದ ಫೇ ಎಂಬ ಊರಿನಲ್ಲಿದೆ. ಸೋನಮ್ ವಾಂಗ್ಚುಕ್ ಮತ್ತು ಗೆಳೆಯರು 1988ರಲ್ಲಿ ಸ್ಥಾಪಿಸಿದ ಸೆಕ್‌ಮಾಲ್ ಸಂಸ್ಥೆಯ ಶಾಲೆ ಅದು. ಹತ್ತನೆಯ ತರಗತಿಯಲ್ಲಿ ಅನುತ್ತೀರ್ಣರಾದ ಮಕ್ಕಳಿಗೆ ಅಲ್ಲಿ ಬಾಗಿಲು ತೆರೆದರು. ಕಟ್ಟಡದ ಗೋಡೆಗಳು ಸ್ಥಳದ್ದೇ ಮಣ್ಣನ್ನು ದಮ್ಮಸ್ಸು ಹಾಕಿ ಗಟ್ಟಿ ಮಾಡಿದವು. ಮುಖವೆಲ್ಲ ದಕ್ಷಿಣಕ್ಕೆ. ಚಳಿಗಾಲದಲ್ಲಿ ದಕ್ಷಿಣದ ಗೋಡೆಯ ಮುಂದೆ ಪಾರದರ್ಶಕ ಹಾಳೆ ಇಳಿಬಿಟ್ಟು ಹಸಿರುಮನೆ ಮಾಡುತ್ತಾರೆ. ಅಲ್ಲಿ ಕಾದ ಗಾಳಿ ಕೋಣೆಗಳಿಗೆ ಬರುತ್ತದೆ, ಜೊತೆಗೆ ಸೊಪ್ಪು ತರಕಾರಿಯೂ ಬೆಳೆಯುತ್ತದೆ. ಬೇಸಿಗೆ ಬಂದಾಗ ಹಾಳೆ ಸುತ್ತಿಡುತ್ತಾರೆ. ಹೊರಗೆ ಶೂನ್ಯಕ್ಕಿಂತ ಹತ್ತು ಹದಿನೈದು ಡಿಗ್ರಿ ಕೆಳಗಿರುವಾಗ ಮಕ್ಕಳು ಸೌದೆ, ಸೀಮೆಎಣ್ಣೆ ಉರಿಸದೆ ಒಳಗೆ ಕುಳಿತು ಓದುತ್ತಾರೆ. 2021ರಲ್ಲಿ ವಾಂಗ್ಚುಕ್ ಇದೇ ತತ್ವದ ಮೇಲೆ ಸೈನಿಕರಿಗಾಗಿ, ಹತ್ತು ಜನ ಮಲಗಬಹುದಾದ ಬಿಸಿಲಿನ ಡೇರೆಯನ್ನು ಮಾಡಿ ತೋರಿಸಿದರು. ಹಗಲು ಶಾಖ ಹಿಡಿಯುವ ಭಾಗ ಮುಂದೆ, ರಾತ್ರಿ ಅದನ್ನು ಪಡೆಯುವ ಮಲಗುವ ಭಾಗ ಹಿಂದೆ. ನಮ್ಮ ಜಿಲ್ಲೆಯಿಂದ ಗಡಿಗೆ ಹೋದ ಹುಡುಗರನ್ನು ನೆನೆದಾಗ ನನಗೆ ಈ ಡೇರೆಯ ಬೆಲೆ ದೊಡ್ಡದಾಗಿ ಕಾಣುತ್ತದೆ.

ದಕ್ಷಿಣದ ಗೋಡೆಗೇ ಕಪ್ಪು ಬಳಿದು, ಅದರ ಮುಂದೆ ಕೆಲವು ಇಂಚು ಬಿಟ್ಟು ಗಾಜು ನಿಲ್ಲಿಸುವುದು ಇನ್ನೊಂದು ಬಗೆ. ಅಮೆರಿಕದ ಎಡ್ವರ್ಡ್ ಮೋರ್ಸ್ 1881ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. 1960ರ ದಶಕದಲ್ಲಿ ಫ್ರಾನ್ಸಿನ ಫೆಲಿಕ್ಸ್ ಟ್ರಾಂಬ್, ವಾಸ್ತುಶಿಲ್ಪಿ ಝಾಕ್ ಮಿಷೆಲ್ ಜೊತೆ ಸೇರಿ ಪಿರನೀಸ್ ಪರ್ವತದ ಒಡೆಯೊ ಎಂಬಲ್ಲಿ ಇಂಥ ಮನೆಗಳನ್ನು ಕಟ್ಟಿದ ಮೇಲೆ ಅದಕ್ಕೆ ಟ್ರಾಂಬ್ ಗೋಡೆ ಎಂಬ ಹೆಸರು ನಿಂತಿತು. ಒಂದಡಿ ದಪ್ಪದ ಗೋಡೆಯಾದರೆ ಮಧ್ಯಾಹ್ನದ ಬಿಸಿ ರಾತ್ರಿ ಊಟದ ಹೊತ್ತಿಗೆ ಒಳಮುಖಕ್ಕೆ ಬರುತ್ತದೆ. ಲಡಾಖಿನಲ್ಲಿ ಇದೂ ಚೆನ್ನಾಗಿ ನಡೆಯುತ್ತದೆ.

ಆದರೆ ಚಳಿನಾಡು ಎಂಬುದು ಒಂದೇ ನಾಡಲ್ಲ. ಲಡಾಖಿನ ಚಳಿ ಬಿಸಿಲಿರುವ ಚಳಿ. ಮ್ಯೂನಿಕ್‌ನಲ್ಲಿ ಡಿಸೆಂಬರ್ ನಡುಹಗಲಿನ ಸೂರ್ಯ 18 ಡಿಗ್ರಿಗೆ ನಿಲ್ಲುತ್ತಾನೆ, ಅದೂ ಮೋಡದ ಹಿಂದೆ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದಲ್ಲಿ ಉತ್ಸಾಹದಿಂದ ದಕ್ಷಿಣಕ್ಕೆಲ್ಲ ಗಾಜು ಹಾಕಿ ಕಟ್ಟಿದ ಎಷ್ಟೋ ಮನೆಗಳು ಹಗಲು ತಡೆಯಲಾರದಷ್ಟು ಕಾದು ರಾತ್ರಿ ತಣ್ಣಗಾದವು. ಗಾಜಿಗೆ ತಕ್ಕ ತೂಕವಿರಲಿಲ್ಲ, ಹೊದಿಕೆಯೂ ಸಾಲದಾಗಿತ್ತು. 1977ರಲ್ಲಿ ಕೆನಡಾದ ರೆಜೈನಾದಲ್ಲಿ ಕಟ್ಟಿದ ಸಸ್ಕಾಚೆವನ್ ಸಂರಕ್ಷಣಾ ಮನೆ ಬೇರೆ ದಾರಿ ಹಿಡಿಯಿತು: ಬಹಳ ದಪ್ಪ ಹೊದಿಕೆಯ ಗೋಡೆ, ಗಾಳಿ ಸೋರದ ಕಟ್ಟು, ಹೊರಹೋಗುವ ಗಾಳಿಯ ಬಿಸಿಯನ್ನು ಒಳಬರುವ ಗಾಳಿಗೆ ದಾಟಿಸುವ ಏರ್ಪಾಟು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ವೋಲ್ಫ್‌ಗಾಂಗ್ ಫೈಸ್ಟ್ ಮೊದಲ ಪ್ಯಾಸಿವ್‌ಹೌಸ್ ಕಟ್ಟಿಸಿದರು. ಇಂಥ ಮನೆಗೆ ಅವರು ಇಟ್ಟ ಮಿತಿ, ಒಂದು ಚದರ ಮೀಟರ್ ನೆಲಕ್ಕೆ ವರ್ಷಕ್ಕೆ 15 ಯೂನಿಟ್ ಬಿಸಿ ಮಾತ್ರ. ಬಿಸಿಲು ಹೇರಳವಾಗಿದ್ದಲ್ಲಿ ಗಾಜು ಮತ್ತು ತೂಕವನ್ನು ನೆಚ್ಚಿ, ಮೋಡ ಹೆಚ್ಚಿದ್ದಲ್ಲಿ ಹೊದಿಕೆಯನ್ನು ನೆಚ್ಚಿ.

ಹೊರನಾಡಿನಲ್ಲಿ ಮನೆ ಕೊಳ್ಳುವ ನಮ್ಮ ಮಕ್ಕಳಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ದಿಕ್ಕು ನೋಡುವ ಜನ. ಅದು ಒಳ್ಳೆಯ ಅಭ್ಯಾಸ. ಆದರೆ ಬಾಗಿಲಿನ ದಿಕ್ಕನ್ನಷ್ಟೇ ನೋಡುತ್ತೇವೆ, ದಕ್ಷಿಣ ಯಮನ ದಿಕ್ಕೆಂದು ಅಂಜುತ್ತೇವೆ. ಟೊರಾಂಟೊದಲ್ಲಿ ಜನವರಿಯಲ್ಲಿ ಮನೆಗೆ ಬೆಚ್ಚಗಿನ ಕೈ ನೀಡುವುದು ದಕ್ಷಿಣವೊಂದೇ. ಬಾಗಿಲು ನಿಮ್ಮ ನಂಬಿಕೆಯಂತೆ ಪೂರ್ವಕ್ಕಿರಲಿ. ದೊಡ್ಡ ಕಿಟಕಿ, ಕೂರುವ ಕೋಣೆ, ಮಕ್ಕಳು ಓದುವ ಜಾಗ ದಕ್ಷಿಣಕ್ಕಿವೆಯೇ ಎಂದು ಕೇಳಿ. ಉಗ್ರಾಣ, ಬಚ್ಚಲು, ಮೆಟ್ಟಿಲು ಉತ್ತರಕ್ಕಿದ್ದರೆ ಸಾಕು, ಅವೇ ಚಳಿಗೆ ಅಡ್ಡವಾಗುತ್ತವೆ. ಮೆಲ್ಬರ್ನಿನಲ್ಲಿ ಇರುವವರು ಇದನ್ನೆಲ್ಲ ತಲೆಕೆಳಗು ಮಾಡಬೇಕು. ಅಲ್ಲಿ ಕೊಡುವ ದಿಕ್ಕು ಉತ್ತರ.

ಕೊನೆಯ ಹಂತಕ್ಕೆ, ನಮ್ಮೂರಿಗೆ ಮರಳುತ್ತೇನೆ. ಇಲ್ಲಿ ಬೇಕಾದದ್ದು ತೂಕಕ್ಕೆ ನೆರಳು. ನಾವು ಇಂದು ಕಟ್ಟುತ್ತಿರುವ ಮೋಲ್ಡ್ ಮನೆಗಳಲ್ಲಿ ತೂಕ ಇದೆ, ನೆರಳಿಲ್ಲ. ನಾಲ್ಕೈದು ಇಂಚಿನ ಆರ್‌ಸಿಸಿ ತಾರಸಿ ಹಗಲೆಲ್ಲ ನೇರ ಬಿಸಿಲನ್ನು ಕುಡಿದು ಸಂಜೆಯಿಂದ ನಡುರಾತ್ರಿಯವರೆಗೆ ಹಾಸಿಗೆಯ ಮೇಲೆ ಸುರಿಯುತ್ತದೆ. ಲಡಾಖಿನವರು ಕಷ್ಟಪಟ್ಟು ಮಾಡುವ ಕೆಲಸವನ್ನು ನಾವು ಬೇಡದ ಜಾಗದಲ್ಲಿ, ಬೇಡದ ಕಾಲದಲ್ಲಿ ಮಾಡಿಕೊಂಡಿದ್ದೇವೆ. ಪರಿಹಾರ ದುಬಾರಿಯಲ್ಲ. ತಾರಸಿಗೆ ವರ್ಷಕ್ಕೊಮ್ಮೆ ಬಿಳಿ ಸುಣ್ಣ ಬಳಿಯಿರಿ. ಸಾಧ್ಯವಾದರೆ ಮೇಲೆ ಹೆಂಚಿನ ಮಾಡು ಹಾಕಿ, ನಡುವೆ ಗಾಳಿ ಆಡಲು ಬಿಡಿ. ಅದೂ ಆಗದಿದ್ದರೆ ಅವರೆ, ಹೀರೆ ಬಳ್ಳಿಯ ಚಪ್ಪರವೂ ನೆರಳೇ.

ಉತ್ತರ ದಕ್ಷಿಣದ ಕಿಟಕಿಗಳಿಗೆ ನಮ್ಮ ಅಕ್ಷಾಂಶದಲ್ಲಿ ಒಂದೂವರೆ ಎರಡಡಿ ಸಜ್ಜಾ ಸಾಕು. ತೊಂದರೆ ಪಶ್ಚಿಮದ್ದು. ಏಪ್ರಿಲ್ ಸಂಜೆ ನಾಲ್ಕೂಕಾಲರ ಹೊತ್ತಿಗೆ ಸೂರ್ಯ ಸುಮಾರು 30 ಡಿಗ್ರಿಗೆ ಇಳಿದಿರುತ್ತಾನೆ; ಎರಡಡಿ ಸಜ್ಜಾ ಗೋಡೆಯ ಮೇಲೆ ಒಂದಡಿ ಚಿಲ್ಲರೆ ನೆರಳು ಕೊಡುತ್ತದೆ, ಇನ್ನೊಂದು ಗಂಟೆಗೆ ಅದರ ಅರ್ಧ. ಪಶ್ಚಿಮಕ್ಕೆ ಸಜ್ಜಾ ಎಂಬುದು ಅಲಂಕಾರ ಮಾತ್ರ. ಅಲ್ಲಿ ಬೇಕಾದದ್ದು ಜಗಲಿ, ಹೊಂಗೆಯ ಮರ, ಜಾಲಂದ್ರದ ಗೋಡೆ, ಇಲ್ಲವೇ ಬಚ್ಚಲು ಉಗ್ರಾಣಗಳ ಸಾಲು. ಗಂಡ ಹೆಂಡತಿ ಮಕ್ಕಳು ಮಲಗುವ ಕೋಣೆಯನ್ನು ಪಶ್ಚಿಮಕ್ಕೆ ಇಟ್ಟು, ಅದಕ್ಕೆ ಅಗಲವಾದ ಗಾಜು ಹಾಕಿ, ಆಮೇಲೆ ಎಸಿ ಕೊಳ್ಳುವುದು ನಮ್ಮ ಮೂರೂ ಊರುಗಳ ಹೊಸ ಬಡಾವಣೆಗಳಲ್ಲಿ ಕಾಣುವ ದೃಶ್ಯ. ಕಷ್ಟಪಟ್ಟು ಸಾಲ ಮಾಡಿ ಮನೆ ಕಟ್ಟಿದವರಿಗೆ ಹೀಗಾಗುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ಇದು ಮನೆ ಕಟ್ಟುವವರೊಬ್ಬರ ತಪ್ಪೂ ಅಲ್ಲ. 30–40 ನಿವೇಶನದಲ್ಲಿ ಎರಡು ಪಕ್ಕದ ಮನೆಗಳು ಎರಡು ಬದಿಯನ್ನು ಮುಚ್ಚುತ್ತವೆ. ಉಳಿಯುವುದು ಮುಂಭಾಗ, ಹಿಂಭಾಗ. ರಸ್ತೆ ಉತ್ತರ–ದಕ್ಷಿಣವಾಗಿ ಓಡಿದರೆ ಆ ಎರಡೂ ಮುಖಗಳು ಪೂರ್ವ ಪಶ್ಚಿಮಕ್ಕೆ ಬೀಳುತ್ತವೆ, ಸಜ್ಜಾಕ್ಕೆ ಸಿಗದ ಬಿಸಿಲಿಗೆ ಒಡ್ಡಿಕೊಳ್ಳುತ್ತವೆ. ರಸ್ತೆ ಪೂರ್ವ–ಪಶ್ಚಿಮವಾಗಿ ಓಡಿದರೆ ಮುಖಗಳು ಉತ್ತರ ದಕ್ಷಿಣಕ್ಕೆ ಬಂದು, ಎರಡಡಿ ಸಜ್ಜಾ ಇಡೀ ಸಾಲನ್ನು ಕಾಪಾಡುತ್ತದೆ. ಪೂರ್ವಮುಖದ ನಿವೇಶನಕ್ಕೆ ಹೆಚ್ಚು ಬೆಲೆ ಸಿಗುತ್ತದೆಂದು ರಸ್ತೆಗಳನ್ನು ಉತ್ತರ–ದಕ್ಷಿಣವಾಗಿಯೇ ಎಳೆದರೆ, ಸಾಲಿನ ಮೊದಲ ಮನೆಗೆ ಪಾಯ ತೆಗೆಯುವ ಮುನ್ನವೇ ಅಲ್ಲಿನ ನೂರು ಕುಟುಂಬಗಳ ಸೆಖೆ ನಿರ್ಧಾರವಾಗಿರುತ್ತದೆ. ಈ ಸಭೆಯಲ್ಲಿ ನಕ್ಷೆ ಬರೆಯುವ ಎಂಜಿನಿಯರುಗಳಿದ್ದೀರಿ, ಅದಕ್ಕೆ ಒಪ್ಪಿಗೆ ಕೊಡುವ ಚುನಾಯಿತ ಸದಸ್ಯರೂ ಇದ್ದೀರಿ. ಮಂಡ್ಯ, ಮದ್ದೂರು, ಮಳವಳ್ಳಿಗಳ ಸುತ್ತ ಮುಂದೆ ಬರುವ ಪ್ರತಿಯೊಂದು ಬಡಾವಣೆಯ ನಕ್ಷೆಯ ಮೇಲೆ ಉತ್ತರ ದಿಕ್ಕಿನ ಬಾಣದ ಪಕ್ಕದಲ್ಲಿ ಜೂನ್ ಮತ್ತು ಡಿಸೆಂಬರಿನ ಸೂರ್ಯನ ದಾರಿಯನ್ನೂ ಗುರುತಿಸಬೇಕು, ಹೆಚ್ಚಿನ ರಸ್ತೆಗಳು ಪೂರ್ವ–ಪಶ್ಚಿಮವಾಗಿ ಓಡಬೇಕು ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.